ಬಲಶಾಲಿ ಸ್ಪೋರ್ಟ್ಸ್ ಕಾರುಗಳನ್ನು ಓಡಿಸುವುದು ಏಕೆ ಕಷ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ರಜೆಯ ದಿನಗಳಲ್ಲಿ ಗೋವಾ ಕಡೆಯಿಂದ ಕಾಳಿ ಸೇತುವೆ ದಾಟಿ ಬರುವ ವಾಹನಗಳ ಸಾಲಿನಲ್ಲಿ ಒಮ್ಮೊಮ್ಮೆ ನೆಲಕ್ಕೆ ಅಂಟಿಕೊಂಡಂತಿರುವ ಒಂದು ಸ್ಪೋರ್ಟ್ಸ್ ಕಾರು ಕಾಣಿಸಿಕೊಳ್ಳುತ್ತದೆ. ಅಂಥದ್ದೊಂದು ಕುಮಟಾ ಪೇಟೆಯಲ್ಲಿ ಹತ್ತು ನಿಮಿಷ ನಿಂತು ಹೋದರೆ ಸಾಕು, ಮರುದಿನ ನನ್ನ ಬಳಿ ಕಾರು ಕಲಿಯಲು ಬರುವ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರನ್ನು ಬಿಡಲು ಬರುವ ಅಪ್ಪಂದಿರು, ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಾರವಾರದಿಂದ ಶಿರಸಿಯವರೆಗಿನ ರಸ್ತೆಗಳನ್ನು ಬಲ್ಲವರಿಗೆ ಅರ್ಥವಾಗುವಂತೆ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನಾನು ಇಂಥ ಕಾರಿನ ಒಡೆಯನಲ್ಲ. ಚಾಲನೆ ಕಲಿಸುವವನು ನೋಡುವ ರೀತಿಯಲ್ಲಿ ಇವುಗಳನ್ನು ನೋಡಿದ್ದೇನೆ, ಅಷ್ಟೆ.

ಓಡಿಸುವುದು ಕಷ್ಟ ಎಂದರೆ ಏನು? ಬಲ ಜಾಸ್ತಿ, ಆದ್ದರಿಂದ ಕಷ್ಟ ಎಂದೇ?

ಹಾಗೆಂದು ಬಹಳ ಜನ ನಂಬಿದ್ದಾರೆ, ಆದರೆ ಅದು ಪೂರ್ತಿ ಸರಿಯಲ್ಲ. 2005ರಲ್ಲಿ ಬಂದ ಬುಗಾಟಿ ವೇಯ್ರಾನ್ ಕಾರಿಗೆ 1001 ಅಶ್ವಶಕ್ತಿ ಇತ್ತು. ಆದರೂ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಏರ್ಪಾಡು ಮತ್ತು ತಾನೇ ಗೇರ್ ಬದಲಿಸಿಕೊಳ್ಳುವ ಗೇರ್‌ಬಾಕ್ಸ್ ಇದ್ದುದರಿಂದ ಅದು ಸಾಧುವಾದ ಕಾರು ಎಂದೇ ಹೆಸರಾಯಿತು. ಅದಕ್ಕೆ ಸುಮಾರು 40 ವರ್ಷ ಮೊದಲು ಬಂದ ಮೊದಲ ಪೋರ್ಷೆ 911 ಕಾರಿಗೆ ಇದ್ದದ್ದು ಕೇವಲ 130 ಅಶ್ವಶಕ್ತಿ, ಆದರೆ ತಿರುವಿನಲ್ಲಿ ಅದಕ್ಕೆ ಹೆದರದವರು ಕಡಿಮೆ.

ನನ್ನ ಪ್ರಕಾರ ಕಷ್ಟ ಇರುವುದು ಮುನ್ಸೂಚನೆಗೂ ಅನಾಹುತಕ್ಕೂ ನಡುವಿನ ಅಂತರದಲ್ಲಿ. ಮನೆಬಳಕೆಯ ಕಾರು ತಿರುವಿನಲ್ಲಿ ಮಿತಿ ಮೀರುವ ಮೊದಲು ಹತ್ತು ರೀತಿಯಲ್ಲಿ ದೂರು ಹೇಳುತ್ತದೆ: ಮೈ ಒಂದು ಕಡೆಗೆ ವಾಲುತ್ತದೆ, ಟಯರು ಕಿರುಗುಟ್ಟುತ್ತದೆ, ಮೂತಿ ನಿಧಾನವಾಗಿ ಹೊರಗಡೆಗೆ ಸರಿಯುತ್ತದೆ. ಇಷ್ಟೆಲ್ಲ ಆಗುವಷ್ಟರಲ್ಲಿ ಚಾಲಕನಿಗೆ ತಪ್ಪು ತಿದ್ದಿಕೊಳ್ಳಲು ಒಂದೆರಡು ಕ್ಷಣ ಸಿಕ್ಕಿರುತ್ತದೆ. ಬಿಗಿಯಾದ ಸ್ಪ್ರಿಂಗು, ಅಗಲವಾದ ಟಯರು, ತಗ್ಗಾದ ಮೈ ಇರುವ ಸ್ಪೋರ್ಟ್ಸ್ ಕಾರು ಇದಕ್ಕಿಂತ ಎಷ್ಟೋ ಹೆಚ್ಚಿನ ವೇಗದವರೆಗೂ ಏನೂ ಆಗದಂತೆ ಸುಮ್ಮನಿದ್ದು, ಬಿಡುವಾಗ ಒಮ್ಮೆಲೇ ಬಿಡುತ್ತದೆ. ಮುಂದಿನ ಉತ್ತರಗಳೆಲ್ಲ ಈ ಅಂತರ ಏಕೆ ಕಿರಿದಾಗುತ್ತದೆ ಎಂಬುದರ ವಿವರಣೆಗಳೇ.

ಅಷ್ಟು ಅಗಲದ ಟಯರಿದ್ದರೂ ಹಿಡಿತ ತಪ್ಪುವುದು ಹೇಗೆ?

ರಸ್ತೆಯ ಮೇಲೆ ಟಯರಿಗಿರುವ ಹಿಡಿತ ವರ್ಷದ ಅಡಿಕೆ ದುಡ್ಡಿನ ಹಾಗೆ. ಬರುವುದು ಒಂದೇ ಗಂಟು. ಸೊಸೈಟಿಯ ಸಾಲ, ಮಗಳ ಮದುವೆ, ಮನೆಯ ಹಂಚು ಎಲ್ಲವೂ ಅದರಲ್ಲಿಯೇ ಆಗಬೇಕು. ಹಾಗೆಯೇ ಬ್ರೇಕ್ ಹಾಕುವುದು, ತಿರುಗುವುದು, ಮುಂದಕ್ಕೆ ನುಗ್ಗುವುದು ಈ ಮೂರಕ್ಕೂ ಟಯರು ಒಂದೇ ಹಿಡಿತವನ್ನು ಹಂಚಿಕೊಡಬೇಕು. ತಿರುವಿನಲ್ಲಿ ಹಿಡಿತವೆಲ್ಲ ತಿರುಗುವುದಕ್ಕೇ ಖರ್ಚಾಗಿರುವಾಗ ಎಕ್ಸಿಲೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೂ ಸಾಲ ಬೀಳುತ್ತದೆ. ಸಾಮಾನ್ಯ ಕಾರಿನ ಇಂಜಿನ್ನಿಗೆ ಅಷ್ಟು ಸಾಲ ಮಾಡುವ ತಾಕತ್ತೇ ಇರುವುದಿಲ್ಲ. 500 ಅಶ್ವಶಕ್ತಿಯ ಕಾರಿನಲ್ಲಿ ಬಲಗಾಲಿನ ಹೆಬ್ಬೆರಳು ಅರ್ಧ ಅಂಗುಲ ಇಳಿದರೂ ಹಿಂದಿನ ಟಯರುಗಳು ದಿವಾಳಿಯಾಗಬಹುದು.

ಒಂದು ಲೆಕ್ಕ ಕೊಡುತ್ತೇನೆ. ಕುಮಟಾ ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ 30 ಮೀಟರ್ ತ್ರಿಜ್ಯದ ಒಂದು ತಿರುವು ಇದೆ ಎಂದುಕೊಳ್ಳಿ. ಒಣ ಡಾಂಬರಿನಲ್ಲಿ ಘರ್ಷಣೆಯ ಪ್ರಮಾಣ 0.9 ಎಂದು ಹಿಡಿದರೆ ಆ ತಿರುವಿನಲ್ಲಿ ಜಾರದೆ ಹೋಗಬಹುದಾದ ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 58 ಕಿಲೋಮೀಟರ್. ಮಳೆಯಲ್ಲಿ ಅದು 0.5ಕ್ಕೆ ಇಳಿದರೆ ಸುಮಾರು 44 ಕಿಲೋಮೀಟರ್. ಈ ಲೆಕ್ಕದಲ್ಲಿ ಇಂಜಿನ್ನಿನ ಬಲಕ್ಕಾಗಲಿ ಕಾರಿನ ಬೆಲೆಗಾಗಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು. ಬಲ ಮಾಡುವುದಿಷ್ಟೇ: ಹಿಂದಿನ ತಿರುವಿನಿಂದ ಈ ತಿರುವಿಗೆ ಬರುವಷ್ಟರಲ್ಲಿ, ನಿಮಗೆ ಗೊತ್ತೇ ಆಗದ ಹಾಗೆ, ವೇಗದ ಮುಳ್ಳನ್ನು ಆ ಅಂಕಿಯ ಆಚೆಗೆ ದಾಟಿಸಿಬಿಡುತ್ತದೆ.

ಪೋರ್ಷೆ 911 ಕಾರಿನ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಏಕೆ ಬರುತ್ತದೆ?

ಅದರ ಇಂಜಿನ್ ಇರುವ ಜಾಗದಿಂದ. ಇಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ, ನಮ್ಮ ಕಾರುಗಳಲ್ಲಿ ಡಿಕ್ಕಿ ಇರುವ ಕಡೆ ಕುಳಿತಿದೆ. ಒಟ್ಟು ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 60 ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಇದರಿಂದ ಲಾಭವೂ ಉಂಟು: ಹೊರಡುವಾಗ ಹಿಂದಿನ ಟಯರುಗಳು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತವೆ, ಬ್ರೇಕ್ ಹಾಕಿದಾಗ ನಾಲ್ಕೂ ಚಕ್ರಗಳು ದುಡಿಯುತ್ತವೆ. ತೊಂದರೆ ಬರುವುದು ತಿರುವಿನಲ್ಲಿ.

ಅಡಿಕೆ ಕೊಯ್ಲಿನ ದೋಟಿಯನ್ನು ನೆಟ್ಟಗೆ ಎತ್ತಿ ಹಿಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತುದಿಯಲ್ಲಿ ಭಾರವಿರುವ ಉದ್ದನೆಯ ದೋಟಿ ಮೊದಲು ವಾಲಲು ಒಪ್ಪುವುದಿಲ್ಲ, ಒಮ್ಮೆ ವಾಲತೊಡಗಿದರೆ ನಿಲ್ಲಲು ಒಪ್ಪುವುದಿಲ್ಲ. 911ರ ಬಾಲವೂ ಹಾಗೆಯೇ. ಹಿಂದಿನ ಟಯರುಗಳು ಹಿಡಿದಿರುವಷ್ಟು ಹೊತ್ತು ಅದು ಕಲ್ಲಿನಂತೆ ಸ್ಥಿರ. ಅವು ಸೋತ ಕ್ಷಣ ಇಂಜಿನ್ನಿನ ತೂಕ ಹೊರಗಡೆಗೆ ಬೀಸಿ, ಮುಂದೆ ಹೋಗಬೇಕಾದ ಕಾರು ಹಿಂದುಮುಂದಾಗುತ್ತದೆ.

ಕಂಪನಿಗೆ ಇದು ತಿಳಿಯದೆ ಇರಲಿಲ್ಲ. ಆರಂಭದ ವರ್ಷಗಳಲ್ಲಿ ಮುಂದಿನ ಬಂಪರಿನೊಳಗೆ ಎರಕದ ಕಬ್ಬಿಣದ ತುಂಡುಗಳನ್ನು ಇಟ್ಟು ಮೂತಿಯನ್ನು ಭಾರ ಮಾಡಿದ್ದೂ ಉಂಟು. ದೋಣಿಯ ಹಿಂಬದಿ ತಗ್ಗಿದರೆ ನಮ್ಮ ಮೀನುಗಾರರು ಮುಂದೆ ಕಲ್ಲಿಡುವ ಉಪಾಯಕ್ಕೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. 1969ರ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರವನ್ನು 57 ಮಿಲಿಮೀಟರ್ ಹೆಚ್ಚಿಸಿದರು. ಇಂಜಿನ್ ಇದ್ದಲ್ಲಿಯೇ ಇದ್ದು ಹಿಂದಿನ ಚಕ್ರಗಳು ಅಷ್ಟು ಹಿಂದಕ್ಕೆ ಸರಿದವು. ನಾಲ್ಕು ಬೆರಳಿನ ಅಗಲವೂ ಇಲ್ಲದ ಬದಲಾವಣೆ, ಆದರೆ ಕಾರಿನ ಗುಣ ಎದ್ದು ಕಾಣುವಷ್ಟು ಸುಧಾರಿಸಿತು. ಇಂದಿನ 911 ಅಷ್ಟೇನೂ ಹೆದರಬೇಕಾದ ಕಾರಲ್ಲ. ಅದಕ್ಕೆ ಹತ್ತಾರು ವರ್ಷಗಳ ಇಂಥ ಸಣ್ಣ ಸಣ್ಣ ತಿದ್ದುಪಡಿಗಳು ಬೇಕಾದವು.

ತಿರುವಿನಲ್ಲಿ ಹೆದರಿಕೆಯಾದರೆ ಕಾಲು ತೆಗೆಯುವುದು ಸಹಜವಲ್ಲವೇ? ಅದು ಹೇಗೆ ತಪ್ಪಾಗುತ್ತದೆ?

ಸಹಜ, ಮತ್ತು ನೀವು ಕಲಿತ ಕಾರಿನಲ್ಲಿ ಅದು ಸರಿ ಕೂಡ. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಇಂಜಿನ್ನೂ ಬಲವೂ ಮುಂದಿನ ಚಕ್ರಗಳ ಕಡೆಗಿರುವ ಸಣ್ಣ ಕಾರುಗಳಲ್ಲಿ. ಅಂಥ ಕಾರು ತಿರುವಿನಲ್ಲಿ ವೇಗ ಹೆಚ್ಚಾದರೆ ಮೂತಿಯನ್ನು ಹೊರಗಡೆಗೆ ಎಳೆಯುತ್ತದೆ. ಕಾಲು ತೆಗೆದರೆ ತೂಕ ಮುಂದಕ್ಕೆ ಸರಿದು ಮುಂದಿನ ಟಯರುಗಳಿಗೆ ಹಿಡಿತ ಮರಳಿ ಬರುತ್ತದೆ, ಮೂತಿ ದಾರಿಗೆ ಬರುತ್ತದೆ.

ಬಾಲ ಭಾರವಾದ ಕಾರಿನಲ್ಲಿ ಅದೇ ಕೆಲಸಕ್ಕೆ ಫಲ ತಿರುಗುಮುರುಗು. ಮಿತಿಯ ಅಂಚಿನಲ್ಲಿ ತಿರುಗುತ್ತಿರುವಾಗ ಥಟ್ಟನೆ ಕಾಲು ತೆಗೆದರೆ ತೂಕ ಮುಂದಕ್ಕೆ ಹೋಗುತ್ತದೆ, ಹಿಂದಿನ ಟಯರುಗಳ ಮೇಲಿನ ಒತ್ತಡ ಇಳಿಯುತ್ತದೆ, ಅತಿ ಹೆಚ್ಚು ಭಾರವನ್ನು ಹಿಡಿದು ನಿಲ್ಲಿಸಬೇಕಾದ ಹೊತ್ತಿಗೇ ಅವು ದುರ್ಬಲವಾಗುತ್ತವೆ. ಆಗ ಬಾಲ ಕಳಚಿಕೊಳ್ಳುತ್ತದೆ. ಅಂದರೆ ಹೆದರಿಕೆಯೇ ಅಪಘಾತವನ್ನು ಪೂರ್ಣಗೊಳಿಸುತ್ತದೆ. ಸರಿಯಾದ ಕ್ರಮವೆಂದರೆ ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗ ಬ್ರೇಕ್ ಮುಗಿಸುವುದು, ತಿರುವಿನೊಳಗೆ ಎಕ್ಸಿಲೇಟರನ್ನು ಹಗುರವಾಗಿ, ಒಂದೇ ಸಮ ಹಿಡಿದಿರುವುದು. ಬಾಲ ಜಾರಿದರೆ ಸ್ಟಿಯರಿಂಗನ್ನು ಅದು ಜಾರಿದ ಕಡೆಗೇ ತಿರುಗಿಸಿ, ಮರಳಿ ಹಿಡಿತ ಬಂದ ಕೂಡಲೆ ಅಷ್ಟೇ ಬೇಗ ನೇರ ಮಾಡಬೇಕು. ಈ ಎರಡನೆಯ ಭಾಗವನ್ನು ಮರೆತವರು ಎದುರು ದಿಕ್ಕಿನ ಚರಂಡಿ ಸೇರುತ್ತಾರೆ.

ಇದನ್ನು ನಾನು ಕಲಿತದ್ದು ಯಾವ ದುಬಾರಿ ಕಾರಿನಲ್ಲಿಯೂ ಅಲ್ಲ. ಹಿಂದಿನ ಚಕ್ರಗಳಿಗೆ ಬಲವಿದ್ದ ಒಂದು ಹಳೆಯ ವ್ಯಾನಿನ ಹಿಂಭಾಗದಲ್ಲಿ ತೆಂಗಿನಕಾಯಿ ಚೀಲಗಳನ್ನು ತುಂಬಿಕೊಂಡು ಆಷಾಢದ ಒಂದು ಸಂಜೆ ಘಟ್ಟ ಇಳಿಯುವಾಗ ನಾನು ಮಾಡಿದ ತಪ್ಪು ಇದೇ. ವೇಗ 40 ದಾಟಿರಲಿಲ್ಲ. ಕಾಲು ತೆಗೆದದ್ದು ನೆನಪಿದೆ, ಆಮೇಲೆ ನೆನಪಿರುವುದು ನಾನು ಬಂದ ದಾರಿಯೇ ಗಾಜಿನ ಎದುರಿಗೆ ಕಾಣುತ್ತಿದ್ದದ್ದು.

ಇಂಜಿನ್ ನಡುವೆ ಇರುವ ಫೆರಾರಿ, ಲ್ಯಾಂಬೋರ್ಗಿನಿಗಳಲ್ಲಿ ಈ ತೊಂದರೆ ಇಲ್ಲವೇ?

ಬೇರೆ ರೂಪದಲ್ಲಿದೆ. ಭಾರ ನಡುವಿನಲ್ಲಿ ಒಟ್ಟುಗೂಡಿದಾಗ ಕಾರು ಬೇಗ ತಿರುಗುತ್ತದೆ, ಅದಕ್ಕಾಗಿಯೇ ಹಾಗೆ ಮಾಡುತ್ತಾರೆ. ಆದರೆ ಬೇಗ ತಿರುಗುವ ಕಾರು ಹಿಡಿತ ತಪ್ಪಿದಾಗಲೂ ಬೇಗನೇ ತಿರುಗುತ್ತದೆ. ದೋಟಿಯಂತೆ ನಿಧಾನವಾಗಿ ವಾಲುವುದಿಲ್ಲ, ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಅನುಭವಿಯ ಕೈಗೂ ಅದನ್ನು ಹಿಂಬಾಲಿಸುವುದು ಕಷ್ಟ.

ಟರ್ಬೋ ಇರುವ ಹಳೆಯ ಕಾರುಗಳಿಗೆ ‘ವಿಧವೆ ಮಾಡುವ ಕಾರು’ ಎಂಬ ಕೆಟ್ಟ ಹೆಸರು ಏಕೆ ಬಂತು?

ಆ ಅಡ್ಡಹೆಸರು ಮುಖ್ಯವಾಗಿ ಅಂಟಿಕೊಂಡದ್ದು 1975ರಲ್ಲಿ ಮಾರಾಟಕ್ಕೆ ಬಂದ, 911ರದೇ ಟರ್ಬೋ ರೂಪವಾದ ಪೋರ್ಷೆ 930 ಟರ್ಬೋ ಕಾರಿಗೆ. 3 ಲೀಟರ್ ಇಂಜಿನ್, 260 ಅಶ್ವಶಕ್ತಿ, ನಾಲ್ಕೇ ಗೇರು. ಮೇಲೆ ಹೇಳಿದ ಬಾಲದ ಭಾರವಂತೂ ಇದ್ದೇ ಇತ್ತು.

ಇಂಜಿನ್ನಿನಿಂದ ಹೊರಬರುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಹೆಚ್ಚು ಗಾಳಿಯನ್ನು ಇಂಜಿನ್ನಿಗೆ ತುಂಬುವುದು ಟರ್ಬೋ ಕೆಲಸ. ಆ ಚಕ್ರ ವೇಗ ಪಡೆಯಲು ಸಮಯ ಬೇಕು. ತೋಟದ ಮೇಲಿನ ತುದಿಯಲ್ಲಿ ಪೈಪು ಹಿಡಿದು ನಿಂತವನಿಗೆ ಕೆಳಗಿನ ಬಾವಿಯ ಪಂಪ್‌ಸೆಟ್ ಚಾಲೂ ಆದದ್ದು ತಿಳಿಯುವುದು ಹೇಗೋ ಹಾಗೆ: ಮೊದಲು ಏನೂ ಇಲ್ಲ, ಬರೀ ಗಾಳಿ, ಮತ್ತೂ ಏನೂ ಇಲ್ಲ, ಆಮೇಲೆ ಕೈಯಿಂದ ಪೈಪು ಕಿತ್ತುಕೊಳ್ಳುವಂಥ ರಭಸ. ತಿರುವಿನ ಆರಂಭದಲ್ಲಿ ಒತ್ತಿದ ಎಕ್ಸಿಲೇಟರಿನ ಫಲ ತಿರುವಿನ ನಡುವಿನಲ್ಲಿ, ಹಿಂದಿನ ಟಯರುಗಳು ತಮ್ಮ ಗಂಟನ್ನೆಲ್ಲ ಖರ್ಚು ಮಾಡಿ ಕುಳಿತಿರುವಾಗ ಬಂದಿಳಿಯುತ್ತಿತ್ತು. ಗಾಬರಿಯಾದ ಚಾಲಕ ಕಾಲು ತೆಗೆಯುತ್ತಿದ್ದ. ಮುಂದಿನದನ್ನು ಈಗಾಗಲೇ ಹೇಳಿದ್ದೇನೆ.

ಇಂದಿನ ಟರ್ಬೋಗಳು ಚಿಕ್ಕವು, ಚುರುಕು. ಅವುಗಳನ್ನು ನಿಯಂತ್ರಿಸುವ ಇಲೆಕ್ಟ್ರಾನಿಕ್ ವ್ಯವಸ್ಥೆಯೂ ಇದೆ. ಆದ್ದರಿಂದ ಈ ದೂರು ಬಹುಮಟ್ಟಿಗೆ ಹಳೆಯ ಕಾರುಗಳದ್ದು.

ಕ್ಲಚ್, ಸ್ಟಿಯರಿಂಗ್, ಬ್ರೇಕುಗಳಲ್ಲಿಯೂ ಕಷ್ಟವಿದೆಯೇ?

ಇದೆ. 1987ರ ಫೆರಾರಿ ಎಫ್40 ಕಾರಿಗೆ 478 ಅಶ್ವಶಕ್ತಿ ಇತ್ತು, ಆದರೆ ಪವರ್ ಸ್ಟಿಯರಿಂಗ್ ಇರಲಿಲ್ಲ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇರಲಿಲ್ಲ, ಬ್ರೇಕ್ ಪೆಡಲಿಗೆ ಸಹಾಯ ಮಾಡುವ ಬೂಸ್ಟರ್ ಕೂಡ ಇರಲಿಲ್ಲ. ಕಾಲಿನಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಬ್ರೇಕು. 1992ರಲ್ಲಿ ಅಮೆರಿಕದಲ್ಲಿ ಬಂದ ಡಾಡ್ಜ್ ವೈಪರ್ 8 ಲೀಟರಿನ, 400 ಅಶ್ವಶಕ್ತಿಯ ಇಂಜಿನ್ ಹೊತ್ತಿದ್ದರೂ ಅದಕ್ಕೂ ಎಬಿಎಸ್ ಇರಲಿಲ್ಲ.

ಕ್ಲಚ್ಚಿನ ವಿಷಯದಲ್ಲಿ ಹೆಸರಾದದ್ದು 2003ರಿಂದ 2006ರವರೆಗೆ ತಯಾರಾದ ಪೋರ್ಷೆ ಕರೇರಾ ಜಿಟಿ. ಅದರ ಸೆರಾಮಿಕ್ ಕ್ಲಚ್ಚಿನ ತಟ್ಟೆಯ ಅಗಲ ಕೇವಲ 169 ಮಿಲಿಮೀಟರ್. ಕ್ಲಚ್ ಕಿರಿದಾದರೆ ಇಂಜಿನ್ನನ್ನು ಇನ್ನೂ ತಗ್ಗಿನಲ್ಲಿ ಕೂರಿಸಬಹುದು, ತಿರುಗುವ ಭಾಗ ಹಗುರವಾದಷ್ಟೂ ಇಂಜಿನ್ ಚುರುಕಾಗುತ್ತದೆ. ಆದರೆ ಸಾಮಾನ್ಯ ಕಾರಿನಲ್ಲಿ ಭಾರವಾದ ಫ್ಲೈವೀಲ್, ಅಂದರೆ ಇಂಜಿನ್ನಿನ ತಿರುಗುವಿಕೆಯನ್ನು ಒಂದೇ ಸಮ ಇಡುವ ಚಕ್ರ, ನಮ್ಮ ಪಾದದ ತಪ್ಪುಗಳನ್ನು ಎಷ್ಟು ಸಹಿಸಿಕೊಳ್ಳುತ್ತಿತ್ತು ಎಂಬುದು ಅದು ಇಲ್ಲದಾಗಲೇ ತಿಳಿಯುವುದು. ಅಭ್ಯಾಸವಿಲ್ಲದವರು ಎಕ್ಸಿಲೇಟರ್ ಕೊಟ್ಟು ಕ್ಲಚ್ ಬಿಟ್ಟರೆ ಇಂಜಿನ್ ನಿಂತುಹೋಗುತ್ತಿತ್ತು. ಎಕ್ಸಿಲೇಟರನ್ನು ಮುಟ್ಟದೆ ಕ್ಲಚ್ಚನ್ನು ಮೆಲ್ಲಗೆ ಬಿಡುವುದೇ ಸರಿಯಾದ ಕ್ರಮವಾಗಿತ್ತು. ನನ್ನ ಬಳಿ ಬರುವ ಮೊದಲ ವಾರದ ಹುಡುಗರಿಗೂ ಇದನ್ನೇ ಹೇಳಿಕೊಡುತ್ತೇನೆ, ಅದಕ್ಕಾಗಿ ಆ ಕಾರಿನ ಮೇಲೆ ನನಗೆ ಸ್ವಲ್ಪ ಪಕ್ಷಪಾತ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಂಥ ಕಾರು ಹೇಗೆ ವರ್ತಿಸುತ್ತದೆ?

ಇದಕ್ಕೆ ಉತ್ತರ ಟಯರಿನಲ್ಲಿದೆ. ಮೊದಲನೆಯದಾಗಿ, ಅಗಲದ ಟಯರಿಗೆ ನೀರನ್ನು ಬದಿಗೆ ತಳ್ಳುವ ಕೆಲಸ ಹೆಚ್ಚು. ತಳ್ಳಲಾಗದಿದ್ದರೆ ಟಯರು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಒಮ್ಮೆಲೇ ಹಗುರವಾಗುತ್ತದೆ. ಹೆದ್ದಾರಿ 66ರಲ್ಲಿ ಅಂಕೋಲಾ ಕುಮಟಾ ನಡುವೆ ಜುಲೈ ತಿಂಗಳಿನಲ್ಲಿ ನೀರು ನಿಲ್ಲುವ ಜಾಗಗಳನ್ನು ಬಲ್ಲವರಿಗೆ ಇದರ ಅರ್ಥ ಗೊತ್ತು. ಹಗುರವಾದ ಕಾರಿನ ಅಗಲ ಟಯರಿಗಿಂತ ನಮ್ಮ ಲೋಡು ಲಾರಿಯ ಟಯರು ಆ ನೀರನ್ನು ಸೀಳುವುದರಲ್ಲಿ ಎಷ್ಟೋ ಮೇಲು.

ಎರಡನೆಯದಾಗಿ, ರೇಸಿಗೆ ಹತ್ತಿರದ ಟಯರುಗಳ ರಬ್ಬರು ಬಿಸಿಯಾದ ಮೇಲೆಯೇ ಅಂಟುವಂಥದ್ದು. ಬೆಳಗಿನ ಹೊತ್ತು ಶಿರಸಿಯಲ್ಲಿ ಮಂಜು ಸುರಿಯುವಾಗ ಮನೆಯಿಂದ ಹೊರಟ ಮೊದಲ ಕೆಲವು ಕಿಲೋಮೀಟರುಗಳಲ್ಲಿ ಅಂಥ ಟಯರು ಸಾಮಾನ್ಯ ಟಯರಿಗಿಂತಲೂ ಕೆಟ್ಟದಾಗಿರಬಹುದು. ಮಳೆಯಲ್ಲಂತೂ ಅದು ಬಿಸಿಯಾಗುವುದೇ ಇಲ್ಲ. ಇದರ ಮೇಲೆ ಘಟ್ಟದ ತಿರುವುಗಳಲ್ಲಿ ಕೊಳೆತ ಎಲೆ, ಧರೆಯಿಂದ ಇಳಿದ ಕೆಂಪು ಮಣ್ಣು, ನೆರಳಿನಲ್ಲಿ ಬೆಳೆದ ಹಾವಸೆ.

ಮೂರನೆಯದು ಟಯರಿನ ವಯಸ್ಸು. ದುಬಾರಿ ಕಾರುಗಳು ಹೆಚ್ಚು ಓಡುವುದಿಲ್ಲವಾದ್ದರಿಂದ ಟಯರಿನ ಪಟ್ಟಿ ಸವೆಯುವುದಿಲ್ಲ, ಆದರೆ ರಬ್ಬರು ವರ್ಷಗಳೊಂದಿಗೆ ಗಟ್ಟಿಯಾಗುತ್ತದೆ. 2013ರ ನವೆಂಬರ್ 30ರಂದು ಅಮೆರಿಕದ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಕರೇರಾ ಜಿಟಿ ಅಪಘಾತಕ್ಕೀಡಾಗಿ ಅವರೂ ಚಾಲಕರೂ ಮೃತಪಟ್ಟರು. ತನಿಖೆ ನಡೆಸಿದವರು ಮುಖ್ಯ ಕಾರಣವೆಂದು ಹೇಳಿದ್ದು ವೇಗವನ್ನೇ: ಗಂಟೆಗೆ ಸುಮಾರು 72 ಕಿಲೋಮೀಟರ್ ಮಿತಿಯಿದ್ದ ರಸ್ತೆಯಲ್ಲಿ ಸುಮಾರು 130ರಿಂದ 150. ಅದರ ಜೊತೆಗೆ ಟಯರುಗಳು ಒಂಬತ್ತು ವರ್ಷ ಹಳೆಯವಾಗಿದ್ದುದನ್ನೂ ಅವರು ದಾಖಲಿಸಿದರು. ಟಯರಿನ ಬದಿಯಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. ನಿಮ್ಮ ಸಣ್ಣ ಕಾರಿನದನ್ನೂ ಇವತ್ತೇ ಒಮ್ಮೆ ಓದಿ ನೋಡಿ.

ಈಗಿನ ಕಾರುಗಳಲ್ಲಿ ಇಲೆಕ್ಟ್ರಾನಿಕ್ ಸಹಾಯ ಇದೆಯಲ್ಲ? ಇನ್ನೇನು ಭಯ?

ಸಹಾಯ ನಿಜವಾಗಿಯೂ ದೊಡ್ಡದು. ಮೇಲೆ ಹೇಳಿದ ಎಬಿಎಸ್ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ. ಅದಕ್ಕಿಂತ ಒಂದು ಹೆಜ್ಜೆ ಮುಂದಿನದು ಕಾರು ಗಿರಕಿ ಹೊಡೆಯದಂತೆ ಒಂದೊಂದು ಚಕ್ರಕ್ಕೂ ಪ್ರತ್ಯೇಕವಾಗಿ ಬ್ರೇಕ್ ಹಾಕುವ ಸ್ಥಿರತಾ ನಿಯಂತ್ರಣ. ಬಾಷ್ ಕಂಪನಿಯ ಈ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂತು. ಕರೇರಾ ಜಿಟಿಯಲ್ಲಿ ಇದು ಇರಲಿಲ್ಲ ಎಂಬುದು ಅದರ ಕೆಟ್ಟ ಹೆಸರಿಗೆ ಇರುವ ಕಾರಣಗಳಲ್ಲಿ ಒಂದು.

ಆದರೆ ಈ ಯಂತ್ರ ಇದ್ದ ಹಿಡಿತವನ್ನು ಜಾಣತನದಿಂದ ಹಂಚಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. 44ರ ತಿರುವಿಗೆ 70ರಲ್ಲಿ ಹೋದವನನ್ನು ಯಾವ ಕಂಪ್ಯೂಟರೂ ಉಳಿಸುವುದಿಲ್ಲ. ನನಗೆ ಇನ್ನೊಂದು ಆಕ್ಷೇಪವೂ ಇದೆ. ಸಹಾಯ ಎಷ್ಟು ನಯವಾಗಿ ನಡೆಯುತ್ತದೆಯೆಂದರೆ ತಾನು ಎಷ್ಟು ಸಲ ಬಚಾವಾದೆ ಎಂಬುದು ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಸ್ನೇಹಿತರ ಎದುರು ಗುಂಡಿ ಒತ್ತಿ ಅದನ್ನು ಆರಿಸುತ್ತಾನೆ.

ನಿಧಾನವಾಗಿ ಓಡಿಸಿದರೆ ಕಷ್ಟವಿಲ್ಲ ತಾನೇ?

ಅಪಾಯ ಕಡಿಮೆ, ಪಜೀತಿ ಹೆಚ್ಚು. ಲ್ಯಾಂಬೋರ್ಗಿನಿ ಅವೆಂಟಡೋರ್ ಕಾರಿನ ಅಗಲ ಕನ್ನಡಿಗಳನ್ನು ಬಿಟ್ಟು 2.03 ಮೀಟರ್, ನಮ್ಮ ಹಳೆಯ ಮಾರುತಿ 800ರದು 1.44 ಮೀಟರ್. ಸಿದ್ದಾಪುರ, ಹೊನ್ನಾವರದ ಒಳರಸ್ತೆಗಳಲ್ಲಿ ಡಾಂಬರಿನ ಅಗಲ ಹೆಚ್ಚೆಂದರೆ 3.75 ಮೀಟರ್. ಎದುರಿಗೆ ಟೆಂಪೋ ಬಂದರೆ ಯಾರೋ ಒಬ್ಬರು ಹಿಂದೆ ಹೋಗಲೇಬೇಕು, ಮತ್ತು ಟೆಂಪೋದವರು ಹೋಗುವುದಿಲ್ಲ. ಹಿಂದೆ ಹೋಗುವುದೂ ಸುಲಭವಲ್ಲ. 1974ರಿಂದ 1990ರವರೆಗೆ ತಯಾರಾದ ಲ್ಯಾಂಬೋರ್ಗಿನಿ ಕೌಂಟಾಶ್‌ನಲ್ಲಿ ಹಿಂದಿನ ಗಾಜಿನಿಂದ ಎಷ್ಟು ಕಡಿಮೆ ಕಾಣುತ್ತಿತ್ತೆಂದರೆ, ಬಾಗಿಲು ಮೇಲೆತ್ತಿ, ಹೊಸ್ತಿಲಿನ ಮೇಲೆ ಕುಳಿತು, ಹೊರಗೆ ಬಾಗಿ ನೋಡುತ್ತ ಹಿಂದೆ ತೆಗೆಯುವುದೇ ರೂಢಿಯಾಯಿತು.

ರಸ್ತೆಯ ಉಬ್ಬುಗಳದ್ದು ಇನ್ನೊಂದು ಕತೆ. ನಿಯಮದ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಉದ್ದ 3.7 ಮೀಟರ್. ಇಂಥ ಕಾರುಗಳ ಹೊಟ್ಟೆ ನೆಲದಿಂದ ಇರುವುದೇ 10ರಿಂದ 12 ಸೆಂಟಿಮೀಟರ್. ನಿಯಮದ ಉಬ್ಬನ್ನು ಓರೆಯಾಗಿ ಹತ್ತಿಸಿ ದಾಟಬಹುದು. ಊರಿನವರು ರಾತ್ರೋರಾತ್ರಿ ಹಾಕಿಕೊಂಡ ಉಬ್ಬಿಗೆ ಯಾವ ನಿಯಮವೂ ಇಲ್ಲ.

ಹಾಗಿದ್ದರೆ ಕಂಪನಿಗಳು ಸುಲಭವಾದ ಕಾರನ್ನೇ ಏಕೆ ಮಾಡುವುದಿಲ್ಲ?

ಈಗ ಮಾಡುತ್ತಿವೆ. ಮೊದಲು ಮಾಡದಿದ್ದುದಕ್ಕೆ ಕಾರಣ ತೂಕ: ಸಹಾಯದ ಪ್ರತಿ ಉಪಕರಣವೂ ಭಾರ, ಮತ್ತು ಭಾರ ವೇಗಕ್ಕೆ ಶತ್ರು. ಇನ್ನೊಂದು ಕಾರಣ ರುಚಿಗೆ ಸಂಬಂಧಿಸಿದ್ದು. ರಸ್ತೆಯ ಪ್ರತಿ ಕಂಪನವೂ ಕೈಗೆ ತಲುಪಬೇಕು ಎನ್ನುವ ಗಿರಾಕಿಗಳು ಇದ್ದಾರೆ, ಅವರು ಕಷ್ಟಕ್ಕಾಗಿಯೇ ಹೆಚ್ಚು ಹಣ ಕೊಡುತ್ತಾರೆ. ಅದನ್ನು ಹುಚ್ಚು ಎಂದು ನಾನು ಹೇಳಲಾರೆ.

ಕಲಿಯುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಸಾಧ್ಯವೇ?

ಮಿತಿಯನ್ನು ಮುಟ್ಟಿ ನೋಡುವುದಕ್ಕೆ ನಮ್ಮ ರಸ್ತೆಗಳು ಜಾಗವಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ, ನಡುವೆ ದನ. ಅದಕ್ಕೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಅಥವಾ ದಿಲ್ಲಿ ಬಳಿಯ ಗ್ರೇಟರ್ ನೋಯ್ಡಾದಲ್ಲಿರುವ 5.125 ಕಿಲೋಮೀಟರ್ ಉದ್ದದ ಬುದ್ಧ ಸರ್ಕ್ಯೂಟಿನಂಥ ರೇಸ್ ಟ್ರ್ಯಾಕುಗಳಿಗೆ ಹೋಗಬೇಕು. ಅಲ್ಲಿಯೂ ಮೊದಲು ಕಡಿಮೆ ಬಲದ, ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ, ಸಾಧ್ಯವಾದರೆ ಒದ್ದೆ ನೆಲದ ಮೇಲೆ ಬಾಲ ಜಾರುವುದು ಹೇಗಿರುತ್ತದೆ ಎಂದು ಸೊಂಟಕ್ಕೆ ಅಭ್ಯಾಸ ಮಾಡಿಸಬೇಕು. ಕಣ್ಣಿಗಿಂತ ಮೊದಲು ಜಾರನ್ನು ಗುರುತಿಸುವುದು ಸೀಟಿನ ಮೇಲಿರುವ ಸೊಂಟವೇ.

ಇಲ್ಲಿ ಕಲಿಯಬಹುದಾದದ್ದು ತೂಕವನ್ನು ಮೆಲ್ಲಗೆ ಸರಿಸುವುದು. ಅದಕ್ಕೆ ನಾನು ಬಳಸುವ ಉಪಕರಣ ಡಿಕ್ಕಿಯಲ್ಲಿ ಇಟ್ಟ ಒಂದು ಸುಲಿದ ತೆಂಗಿನಕಾಯಿ. ಬ್ರೇಕ್ ಒರಟಾಗಿ ಹಾಕಿದರೆ ಅದು ಮುಂದಕ್ಕೆ ಉರುಳಿ ಢಬ್ ಎನ್ನುತ್ತದೆ, ಸ್ಟಿಯರಿಂಗ್ ಎಳೆದರೆ ಬದಿಗೆ ಬಡಿಯುತ್ತದೆ, ಥಟ್ಟನೆ ಕಾಲು ತೆಗೆದರೂ ಸುಮ್ಮನಿರುವುದಿಲ್ಲ. ತಿರುವಿನಲ್ಲಿ ಕಾಯಿ ಒಂದು ಬದಿಗೆ ಮೆಲ್ಲನೆ ಹೋಗಿ ಒರಗಿ, ತಿರುವು ಮುಗಿದ ಮೇಲೆ ಮೆಲ್ಲನೆ ಮರಳಬೇಕು. ಕುಮಟಾದಿಂದ ದೇವಿಮನೆ ಹತ್ತಿ ಇಳಿಯುವವರೆಗೆ ಸದ್ದು ಬಾರದಂತೆ ಓಡಿಸಿದವರು ಇಷ್ಟು ವರ್ಷಗಳಲ್ಲಿ ನನ್ನ ಲೆಕ್ಕಕ್ಕೆ ನಾಲ್ಕೇ ಜನ. ಅವರಲ್ಲಿ ಒಬ್ಬಾಕೆ ಈಗಲೂ ಓಡಿಸುತ್ತಿರುವುದು ಮೀನಿನ ಟೆಂಪೋ.